ಜಡ್ಡು

ಇಲ್ಲಿ ಯಾರೂ ಝೆಡ್ ಡ್ರೈವ್ ಅನ್ನುವುದಿಲ್ಲ.
‘ಜಡ್ಡಿನಾಗ ಇಟ್ಟೀನ್ರಿ ಮೇಡಂ, ನೋಡ್ರಿ’ ಅನ್ನುತ್ತಾರೆ,
ಕಾಯಿಲೆಯೊಳಗೆ ಕಡತ ಬಚ್ಚಿಟ್ಟವರ ಹಾಗೆ.

ದಾವಣಗೆರೆ, ಮಂಡಿಪೇಟೆ, ಸಹಕಾರಿ ಬ್ಯಾಂಕಿನ ಮಾಳಿಗೆ.
ಶನಿವಾರ ರಾತ್ರಿ ಹತ್ತೂಕಾಲು.
ಹಳೆಯ ಸರ್ವರ್ ಉಬ್ಬಸ ಪಡುತ್ತಿದೆ.
ಹೊಸದು ಪಕ್ಕದಲ್ಲೇ, ಮೈಮೇಲಿನ ಪ್ಲಾಸ್ಟಿಕ್ ಕಳಚದೆ,
ಸದ್ದಿಲ್ಲದೆ ತುಂಬಿಕೊಳ್ಳುತ್ತಿದೆ.
ನಡುವೆ ಒಂದು ನೀಲಿ ಕೇಬಲ್ಲು, ನನ್ನ ಮೊಳಕ್ಕೂ ಗಿಡ್ಡ.
ಹತ್ತೊಂಬತ್ತು ವರ್ಷ ಅದರಲ್ಲೇ ನುಸುಳಿ ದಾಟಬೇಕು.

ಪರದೆಯ ಮೇಲೆ ಹೆಸರುಗಳು ಓಡುತ್ತವೆ:
ಹೊಸ ಫೋಲ್ಡರ್. ಹೊಸ ಫೋಲ್ಡರ್ ಎರಡು.
ಬಡ್ಡಿ ಪಟ್ಟಿ ಅಂತಿಮ.
ಬಡ್ಡಿ ಪಟ್ಟಿ ಅಂತಿಮ ಇದೇ ಖರೆ.
ಜಬೀವುಲ್ಲಾ ಮುಟ್ಟಬ್ಯಾಡ.
ಯಾರದೋ ಮಗುವಿನ ತೊಟ್ಟಿಲ ಫೋಟೋ, ನಲವತ್ತೆರಡು;
ಇಲ್ಲಿರಬಾರದು, ಆದರೂ ದಾಟಿಸಿದೆ.
ನುಡಿಯಲ್ಲಿ ಬಡಿದ ಹಳೆಯ ನಡಾವಳಿಯೊಂದನ್ನು ತೆರೆದರೆ
ತಲೆಯ ಮೇಲೆ ಚುಕ್ಕಿ ಹೊತ್ತ ಪರದೇಶಿ ಅಕ್ಷರಗಳು.
ಫಾಂಟ್ ಹಾಕಿದ ಮೇಲೆ ಕನ್ನಡ ಎದ್ದು ಕೂತಿತು:
‘ಸಭೆಯು ಚಹಾದೊಂದಿಗೆ ಮುಕ್ತಾಯವಾಯಿತು.’

ಶೇಕಡಾ ತೊಂಬತ್ತೊಂದಕ್ಕೆ ನಿಂತಿತು.
ಬಂಗಾರದ ಸಾಲದ ವಹಿ ಯಾರೋ ತೆರೆದಿಟ್ಟಿದ್ದಾರೆ.
ಹಾಲಮ್ಮನಿಗೆ ಫೋನು. ನಿದ್ದೆಗಣ್ಣಿನ ದನಿ:
‘ಮುಚ್ಚೇ ಬಂದೀನಲ್ರಿ... ತಡೀರಿ,
ಕರೆಂಟ್ ಹೋತು, ಯುಪಿಎಸ್ ಕುಂಯ್ ಅಂತು,
ಬ್ಯಾಗ್ ಹಿಡಕೊಂಡು ಎದ್ದುಬಂದೆ.’
ಟಾರ್ಚು ಹಿಡಿದು ಇಳಿದೆ. ಮೂರನೇ ಕೌಂಟರು.
‘ಬಳಿ ಎರಡು, ತೂಕ ಹದಿನೇಳು ಪಾಯಿಂಟ್’
ಅದರ ಮುಂದೆ ಏನೂ ಇಲ್ಲ, ಗೆರೆಯೊಂದು ಮಿನುಗುತ್ತಿದೆ.
ಯಾರ ಕೈಯ ಬಳೆಯೋ.
ಹಾಗೇ ಉಳಿಸಿ, ಮುಚ್ಚಿದೆ.

ಕೊನೆಗೆ ಹಕ್ಕುಗಳ ಪಟ್ಟಿ. ಯಾರು ಓದಬಹುದು, ಯಾರು ಬರೆಯಬಹುದು.
‘ಜಬೀವುಲ್ಲಾ ಮುಟ್ಟಬ್ಯಾಡ’ಕ್ಕೆ ಪೂರ್ತಿ ಹಕ್ಕು ಇರುವುದು ಒಬ್ಬರಿಗೇ,
ಹೆಸರಿರಬೇಕಾದ ಕಡೆ ಒಂದು ಉದ್ದನೆಯ ಸಂಖ್ಯೆ.
ಖಾತೆ ಅಳಿಸಿದ್ದಾರೆ, ಹಕ್ಕು ಅಳಿಸಲು ಮರೆತಿದ್ದಾರೆ.
ಕಾವಲಿನ ಅಂಜಿನಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದ.
‘ಅವನೇ ಇರಬೇಕ್ರಿ, ಜಬೀ.
ಬ್ಯಾಡ ಅಂದಿದ್ದನ್ನೇ ಮುಟ್ಟತಿದ್ದ.
ಈಗ ಮಂಡಕ್ಕಿ ಭಟ್ಟಿ ನಡಸ್ತಾನ, ಚಲೋ ಅದಾನ.’
ನಿಯಮದಂತೆ ಸಂಖ್ಯೆಯನ್ನು ತೆಗೆಯಬೇಕು.
ತೆಗೆದೆ. ಫೋಲ್ಡರಿನ ಹೆಸರು ಮಾತ್ರ ಹಾಗೇ ಬಿಟ್ಟೆ.

ಸೋಮವಾರ ಎಲ್ಲರೂ ಅದೇ ಅಕ್ಷರ ಒತ್ತುತ್ತಾರೆ.
ಹಾಲಮ್ಮ ಪಾಯಿಂಟಿನ ಮುಂದೆ ಎರಡಂಕಿ ಕೂಡಿಸುತ್ತಾಳೆ.
ಯಾರಿಗೂ ಏನೂ ಗೊತ್ತಾಗದಿದ್ದರೆ
ನಾನು ಕೆಲಸ ಮಾಡಿದ್ದೇನೆ ಅಂತ ಲೆಕ್ಕ.

ಹಳೆಯದನ್ನು ಆರಿಸಲಿಲ್ಲ. ಒಂದು ತಿಂಗಳು
ಓದಲಿಕ್ಕಷ್ಟೇ ಇರಲಿ, ಬರೆಯಲಿಕ್ಕೆ ಬೇಡ.
ಷಟರ್ ಎಳೆಯುತ್ತ ಅಂಜಿನಪ್ಪ ಕೇಳಿದ:
‘ಜಡ್ಡು ವಾಸಿ ಆತೇನ್ರಿ?’
‘ಇಲ್ಲಪ್ಪ, ಮಗ್ಗುಲು ಬದಲಿಸ್ತು.’