ಖಾಲಿ ತಟ್ಟೆಯ ತೂಕ

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ
ತಕ್ಕಡಿಗಳನ್ನು ನಂಬದಿರುವುದು.
ಕಾರವಾರದ ಮೀನುಪೇಟೆ, ಅಂಕೋಲೆಯ ಕಿರಾಣಿ,
ಸದಾಶಿವಗಡದ ಗುಜರಿ ಅಂಗಡಿ,
ಎಲ್ಲಿಗೆ ಹೋದರೂ ಮೊದಲು ಮಾಡುವುದು ಒಂದೇ:
ಏನೂ ಇಡದೆ ನೋಡುವುದು.
ಖಾಲಿ ತಟ್ಟೆ ಸೊನ್ನೆ ಹೇಳಬೇಕು.
ಹೇಳದಿದ್ದರೆ, ಆಮೇಲೆ ಅದು ಹೇಳುವ ಸತ್ಯವೆಲ್ಲ
ಅಷ್ಟಷ್ಟು ಸುಳ್ಳು.

ಇಷ್ಟು ಗೊತ್ತಿದ್ದವನು ನಾನು
ಗುರುವಾರ ರಾತ್ರಿ ಚಾದರದೊಳಗೆ ಮಲಗಿ,
ಮುಖಕ್ಕೆ ಫೋನಿನ ಬೆಳಕು ಹಿಡಿದು,
ಕೋಡಿಬಾಗದ ಸುಲಭಾ ಬಾನಾವಳಿಕರಳ ಖಾನಾವಳಿಗೆ
ಒಂದೇ ಒಂದು ನಕ್ಷತ್ರ ಕೊಟ್ಟೆ.
ಬರೆದೆ: 'ಮೀನು ನಿನ್ನೆಯದು. ಉಪ್ಪೋ ಉಪ್ಪು.
ಗಿರಾಕಿ ಇಲ್ಲಿ ಲೆಕ್ಕಕ್ಕಿಲ್ಲ. ಯಾರೂ ಹೋಗಬೇಡಿ.'
'ಯಾರೂ' ಎಂದು ಒತ್ತುವಾಗ ಬೆರಳಿಗೆ ಎಂಥ ಸುಖ!
ಬೆಳಗಾಗುವುದರೊಳಗೆ ಹನ್ನೊಂದು ಮಂದಿಗೆ
ಅದು ಉಪಯುಕ್ತ ಅನ್ನಿಸಿತ್ತು.

ಶುಕ್ರವಾರ ಪೇಟೆಯಲ್ಲಿ ತಪಾಸಣೆ.
ತಾರ್ಲೆ ಮಾರುವ ಮುದುಕಿಯ ಕಾಟಾ
ಖಾಲಿ ಇದ್ದಾಗಲೇ ನಲವತ್ತು ಗ್ರಾಂ ತೋರಿಸಿತು.
ಪುಸ್ತಕ ತೆಗೆದೆ. ಪೆನ್ನಿನ ಟೋಪಿ ಬಿಚ್ಚಿದೆ.
ಅವಳು ಹೆದರಲಿಲ್ಲ.
'ತಡಿ ಸಾಯ್ಬಾ, ತಟ್ಟೆ ಎತ್ತಿ ನೋಡು' ಅಂದಳು.
ಎತ್ತಿದರೆ, ಅಡಿಯಲ್ಲಿ ಅಂಟಿಕೊಂಡು
ನಿನ್ನೆಯದೊಂದು ತಾರ್ಲೆ,
ಚಪ್ಪಟೆಯಾಗಿ, ಕಣ್ಣು ಬಿಟ್ಟುಕೊಂಡು.
ಬೆಕ್ಕಿಗೆ ಎಸೆದಳು.
ಸೊನ್ನೆ.

ವಾಪಸು ಬರುವಾಗ ಬೈಕು ನಿಲ್ಲಿಸಿ
ಕಡಲ ಕಡೆ ಮುಖ ಮಾಡಿ ನನ್ನ ತಟ್ಟೆ ಎತ್ತಿದೆ.
ಗುರುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು
ಬಲಗಡೆ ಎರಡು ಕೀಳಬೇಕು ಎಂದಿದ್ದರು;
ಊಟವನ್ನೆಲ್ಲ ಎಡದವಡೆಯೊಂದರಲ್ಲೇ ಅಗಿದಿದ್ದೆ.
ಹೋದಾಗ ಮೂರಕ್ಕೆ ಹತ್ತು ನಿಮಿಷ,
ಒಲೆ ಆರಿಸುವ ಹೊತ್ತು.
ಇಷ್ಟನ್ನು ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ.
ಹಲ್ಲುನೋವೆಂದರೆ ಯಾರಾದರೂ ಕ್ಷಮಿಸುತ್ತಾರೆ.

ಅದರಡಿ ಇನ್ನೊಂದಿತ್ತು:
ನಾನು ಒಳಗೆ ಹೋದಾಗ ಯಾರೂ ಎದ್ದು ನಿಲ್ಲಲಿಲ್ಲ.
ಬೇರೆ ಕಡೆ ಕುರ್ಚಿ ಒರೆಸುತ್ತಾರೆ, ಸೋಡಾ ತರಿಸುತ್ತಾರೆ.
ಇಲ್ಲಿ ಬಡಿಸುವ ಹುಡುಗಿ ನನ್ನನ್ನು ದಾಟಿ ಹೋಗಿ
ಬಂದರಿನ ಹಮಾಲನೊಬ್ಬನಿಗೆ ಅನ್ನ ಹಾಕಿದಳು.
ಅವನು ನನಗಿಂತ ಮೊದಲು ಬಂದಿದ್ದ.
ಅದು ನನಗೆ ಆಗಲೂ ಗೊತ್ತಿತ್ತು.

ಹಾಗಾದರೆ ಮೀನು?
ನೋಗಲಿ ತಾಜಾ ಇತ್ತು. ಮುಳ್ಳು ಬಿಡಿಸಿದರೆ
ಎಸಳೆಸಳಾಗಿ ಬಂತು; ಹಳೆಯದು ಹಾಗೆ ಬರುವುದಿಲ್ಲ.
ಕರಾವಳಿಯಲ್ಲಿ ಹುಟ್ಟಿದವನಿಗೆ
ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಾಚಿಕೆಯಾಗಿ ಐದು ನಕ್ಷತ್ರ ಒತ್ತಲು ಹೊರಟೆ.
ಬೆರಳು ನಿಂತಿತು.
ಇದೂ ತಟ್ಟೆಯಡಿಯ ಮೀನೇ ಅಲ್ಲವೆ?
ಪಶ್ಚಾತ್ತಾಪ ಅಂತ ಹೆಸರು, ತೂಕ ಅಷ್ಟೇ.
ಸಾರಿನಲ್ಲಿ ಉಪ್ಪು ಜಾಸ್ತಿಯೇ ಇತ್ತು.
ನನ್ನ ಹಲ್ಲಿಗೂ ಅವಳ ಉಪ್ಪಿಗೂ ಸಂಬಂಧವಿಲ್ಲ;
ಹಮಾಲನೂ ಉಣ್ಣುತ್ತಲೇ ಮೂರು ಲೋಟ ನೀರು ಕುಡಿದ.

ನಾಲ್ಕು ಸಾಲಿಗೆ ಒಂದು ತಾಸು ಹಿಡಿಯಿತು:
'ಒಂದೇ ಸಲ ಹೋಗಿದ್ದೆ, ಅದೂ ಹೊತ್ತು ಮೀರಿ.
ನೋಗಲಿ ತಾಜಾ. ಸಾರಿಗೆ ಅವತ್ತು ಉಪ್ಪು ಹೆಚ್ಚು.
ಇಪ್ಪತ್ತು ನಿಮಿಷ ಕಾದೆ. ಸೋಲ್ ಕಡಿ ಕೇಳಿ ಹಾಕಿಸಿಕೊಳ್ಳಿ.
ಮೊದಲು ಬಂದವರಿಗೆ ಮೊದಲು ಬಡಿಸುತ್ತಾರೆ.'
'ಯಾರೂ' ಅಳಿಸಿದೆ.
ನಕ್ಷತ್ರ ಮೂರೋ ನಾಲ್ಕೋ ಎಂದು
ಹಳೆಯ ಕಾಟಾದ ಮುಳ್ಳಿನಂತೆ ಹೊಯ್ದಾಡಿ
ಮೂರು ಕೊಟ್ಟೆ. ಈಗಲೂ ಅನುಮಾನವಿದೆ.
ಈ ಸಲ ಉಪಯುಕ್ತ ಎಂದವರು ಒಬ್ಬರು.

ರವಿವಾರ ಅವಳ ಉತ್ತರ ಬಂತು:
'ಉಪ್ಪಿನ ಮಾತು ನಿಜ. ಎರಡು ಸಲ ಬಿದ್ದಿತ್ತು.
ಲಕ್ಷ್ಯ ಬೇರೆ ಕಡೆ ಇತ್ತು.'
ಎಲ್ಲಿತ್ತೆಂದು ಅವಳು ಬರೆಯಲಿಲ್ಲ.
ನಾನೂ ಕೇಳಲಿಲ್ಲ.

ಸೋಮವಾರ ಕುಮಟೆ, ಹತ್ತು ಗಂಟೆಗೆ.
ಹೊರಡುವ ಮುಂಚೆ
ಬಲದವಡೆ ಮುಟ್ಟಿ ನೋಡಿಕೊಂಡೆ.