ಸೊನ್ನೆ ಟಿಕೆಟ್

ದುದ್ದದಲ್ಲಿ ಹತ್ತುತ್ತಾಳೆ, ಎಂಟೂ ಇಪ್ಪತ್ತಕ್ಕೆ,
ಗೆಳತಿಯರ ನಡುವೆ ತೂರಿಕೊಂಡು.
ನಾನು ಬಾಗಿಲಲ್ಲಿ ನಿಂತು
ಎಲ್ಲರಿಗೂ ಅನ್ನುವ ಹಾಗೆ ಅವಳಿಗೂ ಅನ್ನುತ್ತೇನೆ:
ಒಳಗೆ ಹೋಗಮ್ಮ, ಒಳಗೆ, ಜಾಗ ಇದೆ.

ಇದು ಅವಳೇ ಮಾಡಿದ ಕರಾರು.
ಫಸ್ಟ್ ಪಿಯುಸಿ ಸೇರಿದ ವಾರ
ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದಳು:
ಬಸ್ಸಲ್ಲಿ ಚಿನ್ನಿ ಅನ್ಬೇಡ. ತಿಂಡಿ ತಿಂದ್ಯಾ ಅನ್ಬೇಡ.
ನಾನ್ಯಾರೋ ಗೊತ್ತೇ ಇಲ್ಲ ಅನ್ನೋ ಥರ ಇರು.
ಅವಳಮ್ಮ ಸೌಟು ಕೆಳಗಿಟ್ಟಳು.
ನಾನು ಆಯ್ತು ಅಂದೆ.
ಆಮೇಲೆ ಮುದ್ದೆ ಗಂಟಲಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಗಾಗಿ ದಿನಾ ಮುಂದೆ ನಿಲ್ಲುತ್ತೇನೆ, ಆಧಾರ್ ಕಾರ್ಡು ತೋರಿಸುತ್ತಾಳೆ.
ಫೋಟೋದಲ್ಲಿ ಏಳು ವರ್ಷ, ಎಣ್ಣೆ ಹಚ್ಚಿದ ಎರಡು ಜಡೆ,
ನಗಬೇಡ ಅಂದರೂ ನಕ್ಕ ಬಾಯಲ್ಲಿ ಎರಡು ಹಲ್ಲಿಲ್ಲ.
ಹೆಸರಿನ ಕೆಳಗೆ, ತಂದೆ: ಬೋರೇಗೌಡ,
ಸಣ್ಣಕ್ಷರದಲ್ಲಿ ನಾನು.
ಸರಿಯಾಗಿ ಅದರ ಮೇಲೆ ಹೆಬ್ಬೆರಳು ಇಟ್ಟಿರುತ್ತಾಳೆ.
ಬೇಕಂತಲೋ, ಹಾಗೇ ಬಿದ್ದದ್ದೋ, ಕೇಳಿಲ್ಲ.
ಮಿಷನ್ನು ಕಿರ್ ಅನ್ನುತ್ತದೆ.
ದುದ್ದದಿಂದ ಹಾಸನ, ಮಹಿಳೆ ಒಂದು, ಸೊನ್ನೆ ರೂಪಾಯಿ.
ಮಹಿಳೆ. ಮಿಷನ್ನಿಗೆ ಬೇರೆ ಪದ ಬರುವುದಿಲ್ಲ.

ಮನೆಯಲ್ಲಿ ರೂಮಿಗೆ ಚಿಲಕ.
ಬಚ್ಚಲ ಕನ್ನಡಿ ಮುಂದೆ ನಿಂತು ಕೂದಲು ತಾನೇ ಕತ್ತರಿಸಿಕೊಂಡಿದ್ದಾಳೆ,
ಒಂದು ಕಡೆ ಮಾತ್ರ.
ಸುಜಾತ ರಾತ್ರಿಯೆಲ್ಲ ಕಿವಿಯಲ್ಲಿ:
ಫೋನು ಕಿತ್ಕೊಳ್ಳಿ, ಎರಡು ಬಿಗೀರಿ, ಸದರ ಕೊಟ್ಟೋರು ನೀವೇ.
ಡ್ರೈವರ್ ಫಯಾಜಣ್ಣ, ಮೂರು ಹೆಣ್ಣುಮಕ್ಕಳ ತಂದೆ, ಅನ್ನುತ್ತಾನೆ:
ಗೇರು ಬದಲಾಗೋವಾಗ ಗಾಡಿ ಗೊರಗುಟ್ಟುತ್ತೆ ಗೌಡ್ರೇ,
ಕ್ಲಚ್ಚು ಮೆಲ್ಲಗೆ ಬಿಡ್ಬೇಕು.
ನನಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ.

ನನಗೆ ಗೊತ್ತಿರುವುದು ನಮ್ಮಪ್ಪನ ಬೆಲ್ಟು.
ಎಸೆಸೆಲ್ಸಿ ಫೇಲಾದ ದಿನ ಅದೇ ಮಾತಾಡಿದ್ದು.
ಮೂರು ರಾತ್ರಿ ಹಾಸನದ ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ದೆ;
ವಾಪಸ್ ಕರಕೊಂಡು ಬಂದವರು ಯಾರೋ ನೆನಪಿಲ್ಲ,
ಯಾರೂ ಏನೂ ಕೇಳಲಿಲ್ಲ ಅನ್ನುವುದು ನೆನಪಿದೆ.

ಮೊನ್ನೆ ಬುಧವಾರ, ಮಧ್ಯಾಹ್ನದ ಟ್ರಿಪ್ಪು.
ಹಾಸನ ಸ್ಟ್ಯಾಂಡಿನಲ್ಲಿ ಒಬ್ಬಳೇ ಹತ್ತಿದಳು.
ಕಾಲೇಜು ಬಿಡಲು ಇನ್ನೂ ಮೂರು ಗಂಟೆ.
ಕಣ್ಣು ಊದಿತ್ತು.
ಆಲೂಗಡ್ಡೆ ಮೂಟೆ ದಾಟಿ ಕಡೇ ಸೀಟಿಗೆ ಹೋದಳು.
ಎಲ್ಲಿಗೆ, ಅಂದೆ.
ಅರಸೀಕೆರೆ, ಅಂದಳು.

ಅರಸೀಕೆರೆಯಲ್ಲಿ ನಮಗೆ ಯಾರೂ ಇಲ್ಲ.
ಬಾಯಿತನಕ ಬಂದದ್ದಕ್ಕೆ ವಿಷಲ್ ಅಡ್ಡ ಇಟ್ಟೆ.
ಮಹಿಳೆ ಒಂದು, ಸೊನ್ನೆ.
ದುದ್ದ ಬಂತು. ಇಳಿಯುವವರು ಇಳಿದರು.
ಒಂದು ನಿಮಿಷ ಹೆಚ್ಚೇ ನಿಲ್ಲಿಸಿದೆ.
ಫಯಾಜಣ್ಣ ಕನ್ನಡಿಯಲ್ಲಿ ನೋಡಿದ, ಹಾರನ್ ಒತ್ತಲಿಲ್ಲ.
ಆಮೇಲೆ, ರೈಟ್.
ಹಾರನಹಳ್ಳಿ ಬರುವಷ್ಟರಲ್ಲಿ ನಾಲ್ಕು ಸಲ ಚಿಲ್ಲರೆ ತಪ್ಪು ಕೊಟ್ಟೆ.
ನೋಡದೆ ಇರುವುದು ಎಷ್ಟು ಕೆಲಸ!

ಅರಸೀಕೆರೆಯಲ್ಲಿ ಬಸ್ಸು ಖಾಲಿ.
ಎರಡು ಟೀ, ಒಂದು ಬನ್ನು ತಂದು ಅವಳ ಪಕ್ಕ ಇಟ್ಟು
ಎದುರು ಸೀಟಿನಲ್ಲಿ ಕಲೆಕ್ಷನ್ ಎಣಿಸುತ್ತ ಕೂತೆ,
ಎಣಿಸಿದ್ದನ್ನೇ.
ಬನ್ನು ಅರ್ಧ ಆದಮೇಲೆ ಅವಳೇ ಅಂದಳು:
ಗ್ರೂಪಲ್ಲಿ ನನ್ನ ಫೋಟೋ ಹಾಕಿ ಏನೇನೋ ಬರ್ದಿದಾರಪ್ಪ.
ಯಾರು ಅನ್ನಲಿಲ್ಲ. ಹೇಳಿದ್ದು ಅಷ್ಟೇ.
ಕೈ ನಡುಗಿತು, ಬ್ಯಾಗಿನೊಳಗೆ ಇಟ್ಟುಕೊಂಡೆ.
ಬೆಲ್ಟು ಹಿಡಿದ ಕೈಯೂ ಮೊದಲು ಹೀಗೇ ನಡುಗಿತ್ತೇನೋ.
ನಾಳೆ ಕಾಲೇಜಿಗೆ ನಾನೂ ಬರ್ಲಾ?
ಬೇಡ.
ಎಷ್ಟೋ ಹೊತ್ತಾದ ಮೇಲೆ: ಅಮ್ಮ ಬರ್ಲಿ.
ನೀನು ಅತ್ತುಬಿಡ್ತೀಯ.

ನಿಜ.

ಸುಜಾತ ಗಾರ್ಮೆಂಟ್ಸಿಗೆ ರಜೆ ಹಾಕಿ ಹೋದಳು.
ಪ್ರಿನ್ಸಿಪಾಲರ ಹತ್ತಿರ ಏನಂದಳೋ, ನನಗೆ ಹೇಳಿದ್ದು ಇಷ್ಟು:
ಇನ್ನೂ ಮುಗಿದಿಲ್ಲ, ಸೋಮವಾರ ಮತ್ತೆ ಕರ್ದಿದಾರೆ.
ಆ ರಾತ್ರಿಯೂ ಚಿಲಕ ಹಾಕಿಯೇ ಇತ್ತು.
ಒಳಗೆ ಇಬ್ಬರ ದನಿ.
ಒಮ್ಮೆ ನಗು ಕೇಳಿದ ಹಾಗಾಯಿತು, ಯಾರದೋ ತಿಳಿಯಲಿಲ್ಲ.
ನಾನು ಹೊರಗೆ ನಾಳೆಯ ಶರ್ಟಿಗೆ ಇಸ್ತ್ರಿ ಹಾಕಿದೆ,
ಒಂದೇ ತೋಳಿಗೆ ಮೂರು ಸಲ.

ಇವತ್ತು ಎಂಟೂ ಇಪ್ಪತ್ತು.
ಗೆಳತಿಯರಲ್ಲಿ ಒಬ್ಬಳು ಕಡಿಮೆ.
ಕಾರ್ಡು ತೋರಿಸಿದಳು. ಹೆಬ್ಬೆರಳು ಅಲ್ಲೇ ಇತ್ತು.
ಒಳಗೆ ಹೋಗಮ್ಮ, ಅಂದೆ,
ಜಾಗ ಇದೆ.