ತಿರುವಿಗೆ ಎರಡು ಲೋಡು

ಹೋರೇಸ್ ಟಟಲ್ ಕೇಳಿದ್ದು ಒಂದೇ ಡಾಲರ್.
ಕಾಗದದಲ್ಲೂ ಹಾಗೇ ಇದೆ: ತನ್ನ ಹೊಲದಲ್ಲಿ ಹಾದುಹೋಗುವ ಹಕ್ಕಿಗೆ
ಒಂದು ಡಾಲರ್ ಸಂದಾಯ.
ನೋಟು ಮಡಿಸಿ ಅಂಗಿಯ ಜೇಬಿಗಿಟ್ಟು ಹೇಳಿದ:
ಅಲ್ಲಿ, ಆಲ್ಡರ್ ಪೊದೆ ದಾಟಿದ ಮೇಲೆ
ನೆಟ್ಟಗೆ ಹೋಗಬೇಡ, ಬಳಸಿ ಹೋಗು.
ಅಲ್ಲೇನಿದೆ? ಅಂದೆ.
ಹುಲ್ಲಿದೆ, ಅಂದ.

ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಸೌಟು ಹಿಡಿದವಳು ನಾನು.
ಮುನ್ನೂರು ತಟ್ಟೆಗೆ ಎಷ್ಟು ಆಲೂಗಡ್ಡೆ, ಕಣ್ಣಳತೆಯಲ್ಲೇ ಹೇಳಬಲ್ಲೆ.
ಒಂಬೈನೂರು ಅಡಿ ಉದ್ದ, ಹನ್ನೆರಡಡಿ ಅಗಲ,
ಇದೇನು ಮಹಾ.

ಮೇಯ್ನ್‌ನ ಉತ್ತರದ ತುದಿ ಇದು. ಹಿಮ ಕರಗುವಾಗ
ಭಾರದ ಲಾರಿಗಳಿಗೆ ಊರ ರಸ್ತೆಯೇ ನಿಷಿದ್ಧ.
ಆ ಹಲಗೆ ತೆಗೆದ ಮರುದಿನವೇ ಆತುರಪಟ್ಟು
ಮೊದಲ ಲೋಡು ತರಿಸಿದೆ, ಮುನ್ನೂರ ಹತ್ತು ಡಾಲರಿನ ಕಲ್ಲು.
ಕೆಸರು ಅದನ್ನು ಮೂರೇ ದಿನದಲ್ಲಿ
ನುಂಗಿ ನೀರು ಕುಡಿಯಿತು.

ಲಾರಿಯ ಲೂಸಿಯನ್ ನಗಲಿಲ್ಲ, ಅದು ಅವನ ದೊಡ್ಡತನ.
ಕೆಳಗೆ ಬಟ್ಟೆ ಹಾಸಬೇಕು ಆರ್ಲೀನ್, ಕಪ್ಪು ಬಟ್ಟೆ.
ಮಣ್ಣಿಗೂ ಕಲ್ಲಿಗೂ ನಡುವೆ ಏನಾದರೂ ಇರಬೇಕು,
ಇಲ್ಲದಿದ್ದರೆ ಒಂದರೊಳಗೊಂದು ಇಳಿದು ಎರಡೂ ಕೆಡುತ್ತವೆ.
ಎರಡು ಮದುವೆಯಾದವನ ಮಾತು, ನಂಬಿದೆ.

ದೋಣಿ ಮಾರಿದೆ, ಅದರ ಮೋಟಾರನ್ನು ಬೇರೆಯಾಗಿ.
ಬೀರುವಿನ ಕದದ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆಯುತ್ತ ಹೋದೆ:
ಬಟ್ಟೆ ಮೂರು ಸುರುಳಿ.
ಮೋರಿಯ ಕೊಳವೆ, ಇಪ್ಪತ್ತಡಿಯದು.
ಮುಷ್ಟಿಗಾತ್ರದ ಕಲ್ಲು ಹತ್ತೊಂಬತ್ತು ಲೋಡು,
ಮೇಲಕ್ಕೆ ಪುಡಿಜಲ್ಲಿ ಹತ್ತು.
ಬುಲ್ಡೋಜರಿನವನ ಊಟ (ಅವನು ತಿಂದದ್ದು ನೋಡಿದ್ದರೆ ನೀವೂ ಬರೆಯುತ್ತಿದ್ದಿರಿ).
ತಿರುವಿಗೆ ಎರಡು ಲೋಡು.

ಅರವತ್ತು ಅಡಿ ಹೆಚ್ಚು, ಆರುನೂರಿಪ್ಪತ್ತು ಡಾಲರ್,
ಹುಲ್ಲಿಗೆ.
ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ
ಕಿತ್ತಳೆ ಪಟ್ಟಿಯ ಮೂರು ಗೂಟ ಕಿತ್ತು
ನೆಟ್ಟಗೆ ನೆಟ್ಟು ಬಂದೆ. ಹೌದು, ಕದ್ದೆ ಅಂತಲೇ ಅನ್ನಿ.
ಬೆಳಗ್ಗೆ ಗೂಟಗಳು ಮತ್ತೆ ತಿರುವಿನಲ್ಲಿದ್ದವು.
ಹೋರೇಸನ ಜಗಲಿಯಿಂದ ಅಲ್ಲಿಯವರೆಗೆ
ಇಬ್ಬನಿಯಲ್ಲಿ ಒಂದು ಗೆರೆ,
ಕಾಲೆಳೆದುಕೊಂಡು ನಡೆದವನದು.
ಅವನೂ ಏನೂ ಅನ್ನಲಿಲ್ಲ. ನಾನೂ.

ಜುಲೈನಲ್ಲಿ ಮುಗಿಯಿತು.
ನಡು ಉಬ್ಬಿ, ಎರಡೂ ಅಂಚು ಇಳಿದು,
ಮಲಗಿದ ಹಸುವಿನ ಬೆನ್ನಿನಂಥ ದಾರಿ.
ಮೊದಲ ಮಳೆಗೆ ಕೊಡೆ ಹಿಡಿದು ನಿಂತು ನೋಡಿದೆ:
ನೀರು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು
ಹೇಳಿದ ಮಾತು ಕೇಳಿ ಇಳಿದುಹೋಯಿತು.
ಶಾಲೆಯ ಮಕ್ಕಳು ಎಂದೂ ಹಾಗೆ ಸಾಲು ನಿಂತದ್ದಿಲ್ಲ.

ನವೆಂಬರಿನಲ್ಲಿ ಹೋರೇಸ್ ಹೋದ.
ಮನೆ ಖಾಲಿ ಮಾಡಲು ಬಂದ ಮಗಳು ಕೊರಿನ್‌ಳನ್ನು ಕೇಳಿದೆ,
ಆ ತಿರುವಿನಲ್ಲಿ ಏನಿತ್ತು?
ಅವಳು ಕಿಟಕಿಯ ಹತ್ತಿರ ಹೋಗಿ ತುಂಬ ಹೊತ್ತು ನೋಡಿದಳು.
ಗೊತ್ತಿಲ್ಲ.
ಹುಲ್ಲು ಕೊಯ್ಯುವಾಗಲೂ ಅಪ್ಪ
ಅಷ್ಟು ಜಾಗ ಬಿಟ್ಟೇ ಕೊಯ್ಯುತ್ತಿದ್ದರು.
ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ.

ಅಗೆದು ನೋಡಬಹುದಿತ್ತು. ಸನಿಕೆ ಇದೆ, ತೋಳಲ್ಲಿ ಬಲವಿದೆ.

ಈಗ ಹಿಮ ತಳ್ಳಲು ಬರುವ ಹುಡುಗ, ಲೂಸಿಯನ್‌ನ ಸೋದರಳಿಯ,
ನೇರ ಹೋದರೆ ಏನಾಗುತ್ತೆ ಅನ್ನುತ್ತಾನೆ.
ತಿರುವಿನ ಉದ್ದಕ್ಕೂ ಹೊಳೆಯುವ ತುದಿಯ ಕೋಲು ನೆಡಿಸಿದೆ,
ಹನ್ನೊಂದು ಡಾಲರ್. ಕದದ ಮೇಲೆ ಸೇರಿಸಿದೆ.
ಪ್ರತಿ ಖರ್ಚಿನ ಎದುರಿಗೆ ಯಾತಕ್ಕೆ ಎಂದು ಬರೆದಿದ್ದೇನೆ,
ಅಡುಗೆಮನೆಯ ಅಭ್ಯಾಸ.
ಎರಡು ಸಾಲಿನ ಎದುರು ಮಾತ್ರ ಬರೆದಿಲ್ಲ.

ಮೊನ್ನೆ ಕಾರು ಕೆಳಗೇ ಹೂತುಹೋಗಿ
ಹಾಲಿನ ಕ್ಯಾನು ಹೊತ್ತು ನಡೆದೇ ಬಂದೆ.
ಮೊಣಕಾಲುದ್ದ ಹಿಮ, ಎಲ್ಲ ಒಂದೇ ಬಿಳುಪು,
ದಾರಿಯೂ ಇಲ್ಲ, ಹುಲ್ಲೂ ಇಲ್ಲ,
ಕೋಲುಗಳ ತುದಿ ಕೂಡ ಮುಳುಗಿತ್ತು.
ಮನೆಯ ದೀಪ ನೆಟ್ಟಗೆ ಎದುರಿಗೇ ಕಾಣುತ್ತಿತ್ತು.
ಆಲ್ಡರ್ ಪೊದೆಯ ಬಳಿ ಕೈ ಬದಲಿಸಿ
ಬಳಸಿಕೊಂಡು ಹೋದೆ.
ಹಾಲು ಭಾರವಿತ್ತು.